ಬೆಟ್ಟ ಹತ್ತುವ ದಿನದ ಮಾತ್ರೆ

ನನಗೆ ತಲೆನೋವು ಬರುತ್ತಿದ್ದುದು ಮಂಗಳವಾರ ಮಾತ್ರ. ಹೇಳಿದರೆ ನಗುತ್ತಾರೆ, ಆದರೆ ನಿಜ. ಮಂಗಳವಾರ ನಾನು ಮಸಿನಗುಡಿಯಿಂದ ಊಟಿಗೆ ಹೋಗುವ ದಿನ. ವಾರವಿಡೀ ಹೊಲಿದ ಸ್ಕೂಲ್ ಯೂನಿಫಾರ್ಮುಗಳ ಗಂಟು ಹೊತ್ತು ಬೆಳಗಿನ ಬಸ್ಸು ಹತ್ತಿದರೆ, ಕಲ್ಲಟ್ಟಿ ಘಾಟಿಯ ತಿರುವುಗಳು ಶುರುವಾಗುವಷ್ಟರಲ್ಲಿ ಕಿವಿ ಮುಚ್ಚಿಕೊಳ್ಳುತ್ತಿತ್ತು. ಆಮೇಲೆ ಎರಡೂ ಕಣತಲೆಯಲ್ಲಿ ಹೊಡೆತ. ಬಟ್ಟೆ ಅಂಗಡಿಯಲ್ಲಿ ಗಂಟು ಇಳಿಸಿ, ಮುಂದಿನ ವಾರದ ಬಟ್ಟೆ ಕಟ್ಟಿಸಿಕೊಂಡು, ಮತ್ತೆ ಕೆಳಗಿಳಿದು ನಮ್ಮೂರಿನ ಒಣ ಗಾಳಿ ಮುಖಕ್ಕೆ ತಾಗಿದ ಮೇಲೆಯೇ ಅದು ಬಿಡುತ್ತಿತ್ತು.

ನಮ್ಮೂರಿನಲ್ಲಿ ಇದನ್ನು ಯಾರೂ ಕಾಯಿಲೆ ಅನ್ನುವುದಿಲ್ಲ. ಬಸ್ಸಿನಲ್ಲಿ ಅರ್ಧ ಜನ ನಿಂಬೆಹಣ್ಣು ಮೂಸುತ್ತಲೋ ಹುಣಸೆಹಣ್ಣು ಚೀಪುತ್ತಲೋ ಕೂತಿರುತ್ತಾರೆ. ಮೇಲೆ ಹೋದರೆ ತಲೆ ಭಾರ, ಕೆಳಗೆ ಬಂದರೆ ಸರಿ. ಬೆಟ್ಟದ ಬುಡದಲ್ಲಿ ಬದುಕುವ ನಮಗೆ ಇದು ಚಿಕ್ಕಂದಿನಿಂದ ಗೊತ್ತು. ನನಗೆ ಸ್ವಲ್ಪ ಜಾಸ್ತಿ, ವಯಸ್ಸಾಗುತ್ತಾ ಬಂತಲ್ಲ ಅಂದುಕೊಂಡಿದ್ದೆ.

ನಾವು ಮೂಲ ಗುಂಡ್ಲುಪೇಟೆ ಕಡೆಯವರು. ಅಪ್ಪ ಮಸಿನಗುಡಿಗೆ ಬಂದು ಪುಟ್ಟ ಬಟ್ಟೆ ಅಂಗಡಿ ಇಟ್ಟರು. ಅಂಗಡಿ ಹೋಯಿತು, ಹೊಲಿಗೆ ಮಿಷನ್ನು ಉಳಿಯಿತು, ಅದರ ಹಿಂದೆ ನಾನು ಉಳಿದೆ. ಊರಿಗೆಲ್ಲ ಟೈಲರಕ್ಕ. ಮದುವೆ ಆಗಲಿಲ್ಲ. ಅದಕ್ಕೇನೋ ದೊಡ್ಡ ಕಥೆ ಇರಬೇಕು ಅಂತ ಜನ ಕೆದಕುತ್ತಾರೆ. ಇಲ್ಲ, ಆಗಲಿಲ್ಲ, ಅಷ್ಟೆ. ಅವ್ವ ಇರುವ ತನಕ ಮನೆಯಲ್ಲಿ ಇಬ್ಬರಿದ್ದೆವು, ಅವ್ವ ತೀರಿಕೊಂಡ ಮೇಲೆ ಒಬ್ಬಳೇ. ಹಗಲು ಹೊತ್ತು ಗೊತ್ತಾಗುವುದಿಲ್ಲ. ರವಿಕೆಗೆ ಅಳತೆ ಕೊಡುವವರು, ರೆಸಾರ್ಟಿನವರು, ಬಿದ್ದುಹೋದ ಗುಂಡಿ ಹಾಕಿಸಿಕೊಳ್ಳಲು ಬರುವ ಜೀಪ್ ಡ್ರೈವರುಗಳು, ಹೀಗೆ ಯಾರಾದರೂ ಇರುತ್ತಾರೆ. ಆದರೆ ನಮ್ಮೂರಿನಲ್ಲಿ ಕತ್ತಲಾದರೆ ಆನೆ ಬರುತ್ತದೆ. ದೀಪ ಹಚ್ಚುವ ಹೊತ್ತಿಗೆ ಎಲ್ಲರೂ ಬಾಗಿಲು ಹಾಕಿಕೊಳ್ಳುತ್ತಾರೆ. ಊಟವಾದ ಮೇಲೆ ಪಕ್ಕದ ಮನೆಯ ಜಗಲಿಯಲ್ಲಿ ಕೂತು ನಾಲ್ಕು ಮಾತಾಡಿ ಬರುವುದು ಬೇರೆ ಊರಿನವರಿಗೆ ಇರುವ ಸುಖ.

ಒಂದು ಮಂಗಳವಾರ ಊಟಿಯ ಅಂಗಡಿಯಲ್ಲಿ ಬಿಳಿ ಷರ್ಟುಗಳನ್ನು ಮೇಜಿನ ಮೇಲೆ ಹರಡುತ್ತಿದ್ದೆ. ಮೂಗಿನಿಂದ ರಕ್ತ ಸುರಿಯಿತು. ಮೊದಲು ನನಗೆ ಬಂದ ಯೋಚನೆ ಷರ್ಟಿನದು. ಕೈ ಅಡ್ಡ ಹಿಡಿದೆ, ಆದರೂ ಎರಡಕ್ಕೆ ಕಲೆಯಾಯಿತು. ಅಂಗಡಿಯ ಯಜಮಾನರು ತಮಿಳಿನವರು, ಒಳ್ಳೆಯ ಮನುಷ್ಯ. "ಷರ್ಟ್ ಕಿಡಕ್ಕಟ್ಟುಂ ಅಕ್ಕಾ, ಮೊದಲ್ಲ ಆಸ್ಪತ್ರಿ ಪೋಂಗ," ಎಂದು ಷರ್ಟಿನ ಆಸೆ ಬಿಡಿಸಿ, ಆಟೋ ಹತ್ತಿಸಿ ಆಸ್ಪತ್ರೆಗೆ ಕಳಿಸಿದರು.

ಆಸ್ಪತ್ರೆಯ ಬೆಂಚಿನ ಮೇಲೆ ಕೂತವರೆಲ್ಲ ಸ್ವೆಟರು, ಮಫ್ಲರು, ಶಾಲು. ಎಲ್ಲರ ಪಕ್ಕದಲ್ಲೂ ಇನ್ನೊಬ್ಬರು. ಒಬ್ಬರು ಕೆಮ್ಮಿದರೆ ಪಕ್ಕದವರು ಬೆನ್ನು ಸವರುತ್ತಿದ್ದರು. ನನ್ನ ಪಕ್ಕದಲ್ಲಿ ಮುಂದಿನ ವಾರದ ಬಟ್ಟೆಯ ಗಂಟು ಇತ್ತು. ಅದನ್ನು ಸರಿಸಿ ಅಂತ ಒಬ್ಬರು ಹೇಳಿದರು, ಸರಿಸಿದೆ.

ಒಳಗೆ ಕರೆದವರು ಗೀತಾ ಸಿಸ್ಟರ್. ಈ ಬೆಟ್ಟದ ಮೂಲದವರಾದ ಬಡಗರ ಹೆಣ್ಣುಮಗಳು, ಊರು ಊಟಿಯ ಹತ್ತಿರದ್ದೇ ಒಂದು ಹಟ್ಟಿ. ನಾನು ಕನ್ನಡದವಳು ಎಂದು ಗೊತ್ತಾದ ಮೇಲೆ ಕನ್ನಡದಲ್ಲೇ ಮಾತಾಡಿದರು. ನಗುಮುಖದವರೇನಲ್ಲ, ಸ್ವಲ್ಪ ಗದರುವ ಪೈಕಿ.

"ಸ್ವೆಟರ್ ತೆಗೀರಿ ಅಕ್ಕಾ."

"ಚಳಿ ಆಗುತ್ತೆ ಸಿಸ್ಟರ್, ತೋಳು ಮೇಲಕ್ಕೆ ಎತ್ಕತೀನಿ."

"ನೀವು ಟೈಲರ್ ಅಂತೀರಿ. ಸ್ವೆಟರ್ ಮೇಲೆ ಅಳತೆ ತೆಗೀತೀರಾ?"

ತೆಗೆಯುವುದಿಲ್ಲ. ಸುಮ್ಮನೆ ತೆಗೆದೆ. ಬೆನ್ನು ಕುರ್ಚಿಗೆ ಆನಿಸಿ ಕೂರಿ, ಕಾಲ ಮೇಲೆ ಕಾಲು ಬೇಡ, ಮಾತು ಬೇಡ, ಎಂದು ನನ್ನನ್ನು ಹಾಗೇ ಕೂರಿಸಿ ಬೇರೆ ಕೆಲಸಕ್ಕೆ ತಿರುಗಿದರು. ಐದು ನಿಮಿಷ ಇರಬಹುದು. ಆಮೇಲೆ ತೋಳಿಗೆ ಪಟ್ಟಿ ಸುತ್ತಿದರು. ನನ್ನ ಬಳಿ ಅಳತೆ ಕೊಡುವ ಹೆಂಗಸರು ಟೇಪು ಸೊಂಟಕ್ಕೆ ಬಂದ ಕೂಡಲೇ ಉಸಿರು ಬಿಗಿಹಿಡಿಯುತ್ತಾರೆ, ನಾನು ಗದರುತ್ತೇನೆ. ಈಗ ನಾನೇ ಬಿಗಿಹಿಡಿದಿದ್ದೆ. "ಉಸಿರು ಬಿಡಿ," ಎಂದರು ಸಿಸ್ಟರ್. ಬಿಟ್ಟೆ. ಅವ್ವ ಹೋದ ಮೇಲೆ ನನ್ನ ತೋಳನ್ನು ಇನ್ನೊಬ್ಬರು ಮುಟ್ಟಿದ್ದು ಅದೇ ಮೊದಲು ಅನ್ನುವುದು ಆಗ ತಲೆಗೆ ಬಂತು. ಊರಿನ ಅರ್ಧ ಹೆಂಗಸರ ತೋಳು ಸೊಂಟ ಮುಟ್ಟುವವಳು ನಾನು. ನನ್ನನ್ನು ಯಾರೂ ಮುಟ್ಟಿರಲಿಲ್ಲ.

ಒಂದು ತೋಳಾಯಿತು, ಇನ್ನೊಂದು ತೋಳಾಯಿತು, ಸ್ವಲ್ಪ ಬಿಟ್ಟು ಮತ್ತೆ ಮೊದಲನೆಯದು. ಅವರ ಮುಖ ನೋಡಿದರೆ ಏನೂ ತಿಳಿಯುತ್ತಿರಲಿಲ್ಲ. ಕೊನೆಗೆ, "ಬಿಪಿ ತುಂಬ ಜಾಸ್ತಿ ಇದೆ ಅಕ್ಕಾ," ಎಂದರು. ಆಮೇಲೆ ಪ್ರಶ್ನೆಗಳು. ನಿದ್ದೆ ಬರುತ್ತಾ? ಉಸಿರು ಕಟ್ಟುತ್ತಾ? ಕಾಲು ಊದುತ್ತಾ? ಮನೇಲಿ ಯಾರ್ಯಾರು?

"ಎಲ್ಲಾ ಅವ್ರೆ," ಎಂದೆ. ಯಾಕೆ ಹಾಗೆ ಹೇಳಿದೆನೋ. ಹಿಂದೆ ಕ್ಯೂ ನಿಂತಿತ್ತು, ಎಲ್ಲರ ಪಕ್ಕದಲ್ಲೂ ಜನ ಇದ್ದರು, ನನಗೆ ನಾಚಿಕೆಯಾಯಿತು.

ಡಾಕ್ಟರು ಮಾತ್ರೆ ಬರೆದರು. "ದಿನಾ ಬೆಳಿಗ್ಗೆ ಒಂದು, ತಪ್ಪಿಸಬಾರದು, ಮುಂದಿನ ವಾರ ಬನ್ನಿ," ಎಂದು ಸಿಸ್ಟರ್ ಎರಡು ಸಲ ಹೇಳಿದರು. ಕೇಳಿಸಿಕೊಂಡೆ. ಆದರೆ ಬಸ್ಸು ತಿರುವು ಇಳಿಯುತ್ತಿದ್ದಂತೆ ಕಣತಲೆಯ ಹೊಡೆತ ತಾನಾಗಿಯೇ ಇಳಿಯಿತು. ಊರಿಗೆ ಬರುವಷ್ಟರಲ್ಲಿ ನಾನು ಹೂವಿನ ಹಾಗಿದ್ದೆ. ಕೂತು ಯೋಚಿಸಿದೆ. ಸಿಸ್ಟರು ದಿನಾ ಅಂದದ್ದು ಊಟಿಯವರ ಲೆಕ್ಕದಲ್ಲಿ. ಅವರು ದಿನಾ ಬೆಟ್ಟದ ಮೇಲೇ ಇರುವವರು, ಅವರಿಗೆ ದಿನಾ ಬೇಕು. ನಾನು ಮೇಲೆ ಹೋಗುವುದು ಮಂಗಳವಾರ. ಕೆಳಗೆ ಇದ್ದಾಗ ಇಲ್ಲದ ರೋಗಕ್ಕೆ ಮಾತ್ರೆ ಯಾಕೆ ನುಂಗಲಿ?

ಈಗ ನಗು ಬರುತ್ತದೆ. ಆಗ ಬಹಳ ಜಾಣತನದ ಯೋಚನೆ ಅನ್ನಿಸಿತ್ತು. ಮುಂದಿನ ಮಂಗಳವಾರ ಬಸ್ಸು ಹತ್ತುವ ಮುಂಚೆ ಒಂದು ನುಂಗಿದೆ. ತಲೆನೋವು ಸ್ವಲ್ಪ ಕಡಿಮೆಯೇ ಅನ್ನಿಸಿತು! ಇನ್ನೇನು ಬೇಕು ರುಜುವಾತಿಗೆ? ಆರಾಮಾಗಿದ್ದೇನಲ್ಲ ಎಂದು ಆಸ್ಪತ್ರೆಯ ಕಡೆ ತಲೆ ಹಾಕಲಿಲ್ಲ.

ಅಣ್ಣನಿಗೆ ಫೋನ್ ಮಾಡಿದೆ. ಅವನು ಗುಂಡ್ಲುಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದಾನೆ.

"ಬಿಪಿ ಏನ್ ಮಹಾ ಕಾಯ್ಲೆ ಅಂತ ಹೆದ್ರಿಕತೀಯೆ? ನಮ್ ಬೀದೀಲಿ ಬಿಪಿ ಇಲ್ದೋರು ಯಾರವ್ರೆ ಹೇಳು," ಎಂದ. ಹಿಂದಿನಿಂದ ಅತ್ತಿಗೆ, "ಬೆಳ್ಳುಳ್ಳಿ ಹಸೀದೇ ನುಂಗು ಅನ್ನಿ," ಎಂದಳು. ಅಲ್ಲಿಗೆ ಮಾತು ಮುಗಿಯಿತು. ಅವನ ತಪ್ಪೂ ಅಲ್ಲ. ಜ್ವರ ಬಂದರೆ ಜನ ಗಂಜಿ ತರುತ್ತಾರೆ, ಕಾಲು ಮುರಿದರೆ ನೋಡಲು ಬರುತ್ತಾರೆ. ಬಿಪಿ ಬಂದವಳನ್ನು ನೋಡಲು ಬಂದರೆ ಏನನ್ನು ನೋಡುವುದು? ಮಿಷನ್ ತುಳಿಯುತ್ತಾ ಎಂದಿನಂತೆ ಕೂತಿರುತ್ತಾಳೆ. ಈ ಕಾಯಿಲೆಯ ಒಂಟಿತನ ಅದೇ. ಇದು ನಿಮ್ಮ ಜೊತೆ ಮಾತ್ರ ಇರುತ್ತದೆ, ಬೇರೆ ಯಾರಿಗೂ ಕಾಣಿಸಿಕೊಳ್ಳುವುದಿಲ್ಲ.

ಕೆಲವು ತಿಂಗಳು ಹೀಗೇ ಕಳೆಯಿತು. ಆಮೇಲೆ ಒಂದು ಶುಕ್ರವಾರ ಮಧ್ಯಾಹ್ನ, ಆಕಾಶಬಣ್ಣದ ಪಿನಾಫೋರಿಗೆ ಅಂಚು ಹೊಲಿಯುತ್ತಿದ್ದಾಗ, ಬಟ್ಟೆಯ ಮೇಲೆ ಮಿಷನ್ ಎಣ್ಣೆಯ ಕಲೆ ಕಂಡಿತು. ಬೈದುಕೊಂಡು ಒರೆಸಿದೆ. ಹೋಗಲಿಲ್ಲ. ಸೀಮೆಸುಣ್ಣ ಉಜ್ಜಿದೆ. ಹೋಗಲಿಲ್ಲ. ಬಟ್ಟೆ ಎತ್ತಿ ಬೆಳಕಿಗೆ ಹಿಡಿದೆ. ಕಲೆ ಬಟ್ಟೆಯಿಂದ ಇಳಿದು ಕಿಟಕಿಗೆ ಬಂತು. ಕಿಟಕಿಯಿಂದ ಗೋಡೆಗೆ ಬಂತು. ನಾನು ನೋಡಿದ ಕಡೆಯೆಲ್ಲ ಬರುತ್ತಿತ್ತು.

ಬಲಗಣ್ಣು ಮುಚ್ಚಿದೆ, ಕಲೆ ಇತ್ತು. ಎಡಗಣ್ಣು ಮುಚ್ಚಿದೆ, ಇರಲಿಲ್ಲ.

ನನಗೆ ಭಯವಾಯಿತು. ಸಾಯುವ ಭಯ ಅಲ್ಲ. ಸತ್ತರೆ ಯಾರಾದರೂ ಬಂದು ಮಾಡುವುದನ್ನು ಮಾಡುತ್ತಾರೆ. ಕಣ್ಣು ಹೋಗಿ ಬದುಕಿದರೆ? ಸೂಜಿಗೆ ದಾರ ಪೋಣಿಸಲಾಗದ ಟೈಲರನ್ನು ಯಾರು ಇಟ್ಟುಕೊಳ್ಳುತ್ತಾರೆ? ಅಣ್ಣನ ಮನೆಯ ಹಿಂದಿನ ಕೋಣೆಯಲ್ಲಿ, ಅತ್ತಿಗೆ ಹಾಕಿದ್ದನ್ನು ಉಣ್ಣುತ್ತಾ, ಬಾತ್‌ರೂಮಿಗೂ ಇನ್ನೊಬ್ಬರ ಕೈ ಹಿಡಿದುಕೊಂಡು ಹೋಗುವ ನನ್ನನ್ನು ನಾನು ಅಲ್ಲೇ ಕೂತು ನೋಡಿಬಿಟ್ಟೆ. ಬಾಗಿಲಿಗೆ ಬೀಗ ಹಾಕಿ ಸಿಕ್ಕಿದ ಬಸ್ಸು ಹತ್ತಿದೆ. ಅವತ್ತು ತಿರುವಿನಲ್ಲಿ ಕಿವಿ ಮುಚ್ಚಲಿಲ್ಲ, ತಲೆ ನೋಯಲಿಲ್ಲ. ಕಲೆ ಮಾತ್ರ ಕಿಟಕಿಯ ಆಚೆ, ಮರಗಳ ಮೇಲೆ, ನನ್ನ ಜೊತೆಗೇ ಬೆಟ್ಟ ಹತ್ತಿತು.

ಗೀತಾ ಸಿಸ್ಟರಿಗೆ ನನ್ನ ನೆನಪಿತ್ತು. ಮತ್ತೆ ಸ್ವೆಟರು ತೆಗೆಸಿ ಕೂರಿಸಿದರು. ಈ ಸಲ ಅಳತೆ ನೋಡಿ ಅವರ ಹುಬ್ಬು ಗಂಟಾಯಿತು.

"ಮಾತ್ರೆ ತಗೋತಿದ್ದೀರಾ?"

"ಒಂದೂ ಬಿಡದೆ ತಗತಿವ್ನಿ ಸಿಸ್ಟರ್. ಪ್ರತಿ ಮಂಗಳವಾರ."

"ಮಂಗಳವಾರ?"

ಬೆಟ್ಟದ ವಿಷಯ ವಿವರಿಸಿದೆ. ಮೇಲೆ ಬಂದರೆ ಇರುತ್ತದೆ, ಕೆಳಗೆ ಹೋದರೆ ಇರುವುದಿಲ್ಲ, ಅದಕ್ಕೆ. ಹೇಳುತ್ತಾ ಹೇಳುತ್ತಾ ನನಗೇ ನನ್ನ ದನಿ ಸಣ್ಣದಾಯಿತು. ಅವರು ಗದರಲಿಲ್ಲ, ಅದೇ ಇನ್ನೂ ಕಷ್ಟವಾಯಿತು.

"ಬೆಟ್ಟದಿಂದ ಬರೋದಾದ್ರೆ ನಮ್ಮ ಹಟ್ಟಿಯವರಿಗೆಲ್ಲ ಇರಬೇಕಿತ್ತಲ್ಲ ಅಕ್ಕಾ? ನಾನು ಹುಟ್ಟಿದ್ದೇ ಇಲ್ಲಿ. ಅದು ಕೆಳಗೂ ನಿಮ್ಮ ಜೊತೆಗೇ ಇತ್ತು. ನೋವು ಕೊಡಲಿಲ್ಲ, ಅಷ್ಟೇ."

ಪಾದದ ಗಂಟಿನ ಮೇಲೆ ಹೆಬ್ಬೆರಳಿಟ್ಟು ಒತ್ತಿ, ಗುಳಿ ಬೀಳುತ್ತದೆಯೇ ಎಂದು ನೋಡಿದರು. ಹಾಗೆ ನೋಡುತ್ತಲೇ ಕೇಳಿದರು, "ಊಟಕ್ಕೆ ಏನು ಮಾಡ್ಕೋತೀರಿ?"

"ಅನ್ನ. ಉಪ್ಪಿನಕಾಯಿ, ಹಪ್ಳ."

"ಸಾರು, ಪಲ್ಯ?"

"ಒಬ್ಳಿಗೋಸ್ಕರ ಯಾರು ಸಾರು ಮಾಡ್ತಾರೆ ಸಿಸ್ಟರ್."

ಅವರ ಹೆಬ್ಬೆರಳು ನಿಂತಿತು. ತಲೆ ಎತ್ತಿ ನೋಡಿದರು. ಮನೆಯಲ್ಲಿ ಎಲ್ಲರೂ ಇದ್ದಾರೆ ಎಂದು ನಾನು ಹೇಳಿದ್ದು ಅವರಿಗೆ ನೆನಪಾಗಿದ್ದು ಮುಖದಲ್ಲೇ ಗೊತ್ತಾಯಿತು. "ಅದನ್ನ ಮೊದಲೇ ಹೇಳಬೇಕಿತ್ತು," ಎಂದರು, ಅಷ್ಟೇ.

ಕಣ್ಣಿನ ಡಾಕ್ಟರು ನೋಡಿ, ಕಣ್ಣಿನ ಹಿಂದಿನ ಪರದೆಯಲ್ಲಿ ರಕ್ತ ಒಸರಿದೆ, ಬಿಪಿ ಇಳಿದರೆ ಕಣ್ಣು ಉಳಿಯಬಹುದು, ಇಳಿಯದಿದ್ದರೆ ಇನ್ನೊಂದಕ್ಕೂ ಬರಬಹುದು ಎಂದರು. ಉಳಿಯುತ್ತದೆ ಅನ್ನಲಿಲ್ಲ. ಉಳಿಯಬಹುದು ಎಂದರು. ಆ ಒಂದು ಪದವನ್ನು ಹಿಡಿದುಕೊಂಡು ನಾನು ವಾರ್ಡಿಗೆ ಹೋದೆ.

ವಾರ್ಡಿನಲ್ಲಿ ಮಲಗಿದವರಿಗೆ ಕಷ್ಟವಾಗುವುದು ರೋಗದಿಂದಲ್ಲ, ಸಂಜೆ ನಾಲ್ಕು ಗಂಟೆಯಿಂದ. ಆಗ ಬಾಗಿಲು ತೆರೆದು ಎಲ್ಲರ ಜನ ಒಳಗೆ ಬರುತ್ತಾರೆ. ಫ್ಲಾಸ್ಕು, ಕಂಬಳಿ, ಬಿಸ್ಕೆಟ್ಟು, ಜಗಳ. ನಾನು ಗೋಡೆಯ ಕಡೆ ತಿರುಗಿ ನಿದ್ದೆ ಬಂದವಳಂತೆ ಮಲಗುತ್ತಿದ್ದೆ. ಕೆಲಸದ ಆಯಾ ಬಂದು, "ಕೂಡ ಯಾರುಮ್ಮಾ?" ಎಂದು ಕೇಳುತ್ತಿದ್ದಳು. ಜೊತೆಗೆ ಯಾರು ಅಂತ. "ವರುವಾಂಗ," ಎನ್ನುತ್ತಿದ್ದೆ. ಬರ್ತಾರೆ. ತಮಿಳಿನಲ್ಲಿ ಸುಳ್ಳು ಹೇಳುವುದು ಸ್ವಲ್ಪ ಸುಲಭ.

ಒಂದು ದಿನ ನಿಜವಾಗಿಯೂ ಬಂದರು. ಅಣ್ಣ, ಅತ್ತಿಗೆ, ಚಿತ್ರಾನ್ನದ ಡಬ್ಬಿ, ಜೊತೆಗೆ ಒಂದು ಬಾಟಲಿ ಮಾವಿನ ಉಪ್ಪಿನಕಾಯಿ. "ಆಸ್ಪತ್ರೆ ಊಟ ಸಪ್ಪೆ ಇರುತ್ತಲ್ಲಾ, ಬಾಯಿ ಕೆಟ್ಟಿರ್ತದೆ," ಎಂದಳು ಅತ್ತಿಗೆ. ಗೀತಾ ಸಿಸ್ಟರ್ ಬಾಟಲಿ ಎತ್ತಿಕೊಂಡು, "ಇದು ನಮ್ಮ ಸಿಸ್ಟರುಗಳಿಗೆ, ಅಲ್ವಾ?" ಎಂದು ಹೊರಟೇಹೋದರು. ಅತ್ತಿಗೆಯ ಮುಖ ನೋಡಬೇಕಿತ್ತು! ಎಷ್ಟೋ ದಿನಗಳ ಮೇಲೆ ನಾನು ನಕ್ಕೆ. ಅಣ್ಣ ಹಾಸಿಗೆಯ ತುದಿಯಲ್ಲಿ ಕೂತು ನನ್ನ ಕಾಲಿನ ಹತ್ತಿರದ ಕಂಬಳಿಯನ್ನು ಸರಿ ಮಾಡುತ್ತಲೇ ಇದ್ದ. ಅವನಿಗೆ ಹೆದರಿಕೆಯಾಗಿತ್ತು, ಹೇಳಲು ಬರಲಿಲ್ಲ. ಸ್ವಲ್ಪ ಹೊತ್ತಿಗೇ ಗಡಿಯಾರ ನೋಡಿದ. "ಬಂಡೀಪುರದ ಗೇಟ್ ಹಾಕೋದ್ರೊಳಗೆ ದಾಟ್ಕಬೇಕು ಕಣವ್ವಾ," ಎಂದ. ಗೇಟು ಹಾಕುವುದು ರಾತ್ರಿ. ಆಗ ಇನ್ನೂ ಸಂಜೆ ಐದೂ ಆಗಿರಲಿಲ್ಲ. ಹೋಗಿ ಬಾ ಎಂದೆ.

ಒಂಟಿಯಾಗಿ ಈ ಕಾಯಿಲೆ ಇಟ್ಟುಕೊಂಡಿರುವವರು ಇದನ್ನು ಓದುತ್ತಿದ್ದರೆ, ನನ್ನಿಂದ ಆಗುವ ಒಂದೇ ಉಪಕಾರ ಎಂದರೆ ಆಮೇಲಿನ ದಿನಗಳು ಹೇಗಿದ್ದವು ಅಂತ ಇದ್ದಹಾಗೆ ಹೇಳುವುದು. ಮಾತ್ರೆ ನುಂಗುವುದು ಕಷ್ಟವಲ್ಲ. ನುಂಗಿದಿರಾ ಅಂತ ಕೇಳುವವರಿಲ್ಲದೆ ನುಂಗುವುದು ಕಷ್ಟ. ಹಾಸಿಗೆಯಿಂದ ಒಮ್ಮೆಗೇ ಏಳಬೇಡಿ, ಕಾಲು ಇಳಿಬಿಟ್ಟು ಕೂತು ಆಮೇಲೆ ಎದ್ದೇಳಿ ಎಂದು ಸಿಸ್ಟರ್ ಹೇಳಿದ್ದರು. ಹಾಗೆ ಕೂತ ಆ ಸ್ವಲ್ಪ ಹೊತ್ತು ಇದೆಯಲ್ಲ, ಅದು ದಿನದ ಅತಿ ಉದ್ದದ ಹೊತ್ತು. ಬಿದ್ದರೆ ಯಾರಿಗೆ ಗೊತ್ತಾಗುತ್ತದೆ ಅನ್ನುವುದು ದಿನಾ ಅಲ್ಲೇ ನೆನಪಾಗುತ್ತದೆ. ಒಬ್ಬಳಿಗೇ ಸಾರು ಮಾಡಲು ಕಲಿತೆ. ಉಪ್ಪು ಕಡಿಮೆಯ ಸಾರು ಮೊದಲ ವಾರ ಬಿಸಿನೀರಿನ ಹಾಗಿತ್ತು, ಬೈದುಕೊಂಡೇ ಉಂಡೆ. ಆಮೇಲೆ ನಿಂಬೆರಸ ಹಿಂಡಿಕೊಂಡೆ. ಅಭ್ಯಾಸವಾಯಿತು. ಕಲೆ ದಿನಾ ಇತ್ತು. ಬೆಳಿಗ್ಗೆ ಎದ್ದ ಕೂಡಲೇ ಬಲಗಣ್ಣು ಮುಚ್ಚಿ ಬಿಳಿ ಗೋಡೆಗೆ ಎಡಗಣ್ಣು ನೆಟ್ಟು, ಇದೆಯಾ, ಚಿಕ್ಕದಾಯಿತಾ ಎಂದು ನೋಡುತ್ತಿದ್ದೆ. ಒಂದು ದಿನ ಚಿಕ್ಕದು, ಒಂದು ದಿನ ದೊಡ್ಡದು. ಮನಸ್ಸಿಗೆ ತೋಚಿದ ಹಾಗೆ.

ಮತ್ತೆ ಕಣ್ಣು ತೋರಿಸುವ ದಿನ ಬಂತು. ಕಣ್ಣಿಗೆ ಔಷಧಿ ಬಿಡುತ್ತಾರೆ, ಸ್ವಲ್ಪ ಹೊತ್ತು ಸರಿಯಾಗಿ ಕಾಣುವುದಿಲ್ಲ, ಯಾರನ್ನಾದರೂ ಕರೆತನ್ನಿ ಎಂದಿದ್ದರು. ಕರೆತರಲು ಹೋಗಲಿಲ್ಲ. ಅಲ್ಲಿದ್ದ ಹುಡುಗಿ ಜೊತೆಗೆ ಯಾರು ಎಂದು ಕೇಳಿದಾಗ, "ಯಾರೂ ಇಲ್ಲಮ್ಮಾ, ನಾನೇ," ಎಂದೆ. ಆಕಾಶವೇನೂ ಬೀಳಲಿಲ್ಲ. ಅವಳು ನನ್ನ ಕೈ ಹಿಡಿದು ಕತ್ತಲೆ ಕೋಣೆಗೆ ಕರೆದುಕೊಂಡು ಹೋದಳು.

ಡಾಕ್ಟರು ಬಹಳ ಹೊತ್ತು ನೋಡಿದರು. ಮೇಲೆ ನೋಡಿ, ಕೆಳಗೆ ನೋಡಿ, ಕಿವಿ ಕಡೆ ನೋಡಿ ಎಂದರು.

"ರಕ್ತ ಇಂಗಿದೆ. ಚಿಕ್ಕ ಗುರುತು ಉಳಿಯುತ್ತೆ. ಬಲಗಣ್ಣಿಗೆ ಏನೂ ಆಗಿಲ್ಲ. ಹೊಲಿಯಬಹುದು, ಮಾತ್ರೆ ಮಾತ್ರ ಬಿಡಬಾರದು," ಎಂದರು.

ಹೊಲಿಯಬಹುದು. ಗೀತಾ ಸಿಸ್ಟರಿಗೆ ಹೇಳೋಣ ಎಂದು ಹುಡುಕಿದೆ, ಅವತ್ತು ಅವರ ರಜ. ಆಚೆ ಬಂದರೆ ಬಿಸಿಲು ಕಣ್ಣಿಗೆ ಚುಚ್ಚಿತು. ಅಣ್ಣನಿಗೆ ಫೋನ್ ಮಾಡೋಣ ಎಂದರೆ ಫೋನಿನ ಅಕ್ಷರಗಳೆಲ್ಲ ಮಸಕು. ಬಸ್ ಸ್ಟ್ಯಾಂಡಿನಲ್ಲಿ ಇದು ಮಸಿನಗುಡಿಗೆ ಹೋಗುತ್ತಾ, ಇದು ಹೋಗುತ್ತಾ ಎಂದು ಕೇಳುತ್ತಾ, ಬೈಸಿಕೊಳ್ಳುತ್ತಾ ಕೊನೆಗೆ ಸರಿಯಾದ ಬಸ್ಸು ಹತ್ತಿದೆ. ಜೀವಮಾನದಲ್ಲೇ ದೊಡ್ಡ ಸುದ್ದಿ ನನ್ನ ಬಾಯಲ್ಲಿತ್ತು, ಹೇಳಲು ಒಬ್ಬರಿರಲಿಲ್ಲ. ಸಂತೋಷವನ್ನು ಒಬ್ಬಳೇ ಇಟ್ಟುಕೊಳ್ಳುವುದು ದುಃಖವನ್ನು ಇಟ್ಟುಕೊಳ್ಳುವುದಕ್ಕಿಂತ ಕಷ್ಟ ಅಂತ ಅವತ್ತು ಗೊತ್ತಾಯಿತು.

ಪಕ್ಕದಲ್ಲಿ ಒಬ್ಬ ಬಡಗ ಅಜ್ಜಿ ಬಂದು ಕೂತರು. ಮಸಕಿನಲ್ಲಿ ಬಿಳಿಯ ಬಟ್ಟೆ ಮಾತ್ರ ಕಂಡಿತು. ನಾನು ಸೆರಗಿನಿಂದ ಕಣ್ಣು ಮರೆಮಾಡಿಕೊಂಡಿದ್ದು ನೋಡಿ, "ಕಣ್ಣುಗ ಏನಾತು?" ಎಂದರು.

ಅಷ್ಟೇ ಸಾಕಾಯಿತು. ಎಲ್ಲವನ್ನೂ ಹೇಳಿಬಿಟ್ಟೆ. ಕಲೆ ಬಂದದ್ದು, ಮಂಗಳವಾರದ ಮಾತ್ರೆ, ವಾರ್ಡು, ಸಪ್ಪೆ ಸಾರು, ಇವತ್ತು ಡಾಕ್ಟರು ಅಂದದ್ದು. ನನ್ನ ಕನ್ನಡ ಅವರಿಗೆ ಎಷ್ಟು ತಿಳಿಯಿತೋ ಗೊತ್ತಿಲ್ಲ. ನಡುವೆ ನಡುವೆ ಹೂಂಗುಟ್ಟಿದರು. "ಕಣ್ಣು ಉಳೀತು ಅಜ್ಜಿ," ಎಂದು ಮುಗಿಸಿದೆ.

"ಒಳ್ಳಿತ್ತು ಅಮ್ಮಾ, ಒಳ್ಳಿತ್ತು," ಎಂದರು.

ಘಾಟಿಯ ತಿರುವುಗಳಿಗೆ ಮುಂಚೆಯೇ ಅವರ ಊರು ಬಂತು. ಅವರು ಎದ್ದು, ನನ್ನ ಭುಜ ತಟ್ಟಿ, ತಲೆ ಬಗ್ಗಿಸು ಎಂದು ಸನ್ನೆ ಮಾಡಿದರು. ಬಡಗರಲ್ಲಿ ಚಿಕ್ಕವರು ತಲೆ ಬಗ್ಗಿಸಿದರೆ ಹಿರಿಯರು ಕೈಯಿಟ್ಟು ಹರಸುತ್ತಾರೆ. ಇದನ್ನು ನಾನು ಎಷ್ಟೋ ಸಲ ದಾರಿಯಲ್ಲಿ, ಬಸ್ ಸ್ಟಾಪಿನಲ್ಲಿ ನೋಡಿದ್ದೆ, ಅದು ಅವರವರಲ್ಲೇ ನಡೆಯುವ ಸಂಗತಿ ಅಂದುಕೊಂಡಿದ್ದೆ. ಬಗ್ಗಿಸಿದೆ. ಟೀ ಎಲೆ ಕಿತ್ತು ಒರಟಾದ ಅಂಗೈಯನ್ನು ನನ್ನ ನೆತ್ತಿಯ ಮೇಲಿಟ್ಟು ಅವರು ಒಂದೇ ಉಸಿರಿಗೆ ಉದ್ದಕ್ಕೆ ಹರಸಿದರು. ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ಡ್ರೈವರು ಬಸ್ಸು ನಿಲ್ಲಿಸಿಕೊಂಡೇ ಇದ್ದ, ಯಾರೂ ಬೇಗ ಎನ್ನಲಿಲ್ಲ.

ಅವರು ಇಳಿದುಹೋದ ಮೇಲೂ ನಾನು ತಲೆ ಎತ್ತಲಿಲ್ಲ. ಅಳು ನಿಲ್ಲಲೇ ಇಲ್ಲ. ಕಣ್ಣಿಗೆ ಬಿಟ್ಟ ಔಷಧಿ ಎಂದುಕೊಂಡನೋ ಏನೋ, ಕಂಡಕ್ಟರು ನನ್ನನ್ನು ಏನೂ ಕೇಳದೆ ಮುಂದಿನ ಸೀಟಿಗೆ ಹೋದ.